ಕರುಳಿನಲ್ಲಿ ಮುಚ್ಚದ ಬಾಗಿಲು

ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದಾಗ ಜೀವಕೋಶದ ಪೊರೆಯ ಪಾಠವನ್ನು ನಾನು ಕಾಲರಾದಿಂದಲೇ ಆರಂಭಿಸುತ್ತಿದ್ದೆ. ಪುಸ್ತಕಗಳು ಹಾಗೆ ಆರಂಭಿಸುವುದಿಲ್ಲ. ಅಲ್ಲಿ ಮೊದಲು ಪೊರೆಯ ಚಿತ್ರ, ಆಮೇಲೆ ವಿಸರಣ, ಅಭಿಸರಣ, ಪಂಪುಗಳ ಪಟ್ಟಿ, ಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೆರಡು ರೋಗಗಳ ಹೆಸರು. ನಾನು ಪಾಠಕ್ಕೆ ಬರುವ ಮುಂಚೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯಾಗಿದ್ದವಳು. ಕಾಲುವೆ ನೀರನ್ನೇ ಕುಡಿಯುತ್ತಿದ್ದ ಊರುಗಳಲ್ಲಿ ಮಳೆ ಶುರುವಾಯಿತೆಂದರೆ ವಾಂತಿಭೇದಿ ಏಳುತ್ತಿತ್ತು. ಸಂಜೆ ಹೊಲದಿಂದ ನಡೆದು ಮನೆಗೆ ಬಂದ ಮನುಷ್ಯ ಬೆಳಗಾಗುವುದರೊಳಗೆ ಕಣ್ಣು ಗುಳಿಬಿದ್ದು, ಬೆರಳ ತುದಿ ಸುಕ್ಕುಗಟ್ಟಿ, ನಾಡಿ ಸಿಗದ ಸ್ಥಿತಿಗೆ ಬರುವುದನ್ನು ಕಂಡವರಿಗೆ ಪೊರೆ ಬರೀ ಚಿತ್ರವಾಗಿ ಉಳಿಯುವುದಿಲ್ಲ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ ಆ ಪೊರೆಯಲ್ಲಿ ಒಂದು ಬಾಗಿಲು ತೆರೆದುಕೊಂಡು ಮುಚ್ಚದೆ ಹೋದದ್ದರಿಂದ ಆತ ಸಾಯುತ್ತಿದ್ದಾನೆ. ಅದೇ ಪೊರೆಯಲ್ಲಿ ಇನ್ನೊಂದು ಬಾಗಿಲು ಕೆಡದೆ ಉಳಿದಿರುವುದರಿಂದ ಆತನನ್ನು ಬದುಕಿಸಬಹುದು.

ಆ ಎರಡನೆಯ ಬಾಗಿಲು ಮನುಷ್ಯರ ಕಣ್ಣಿಗೆ ಬಿದ್ದದ್ದು ಹೇಗೆ, ಬಿದ್ದ ಮೇಲೂ ಅದರೊಳಗೆ ನೀರು ಹುಯ್ಯಲು ಎಷ್ಟು ವರ್ಷ ಬೇಕಾಯಿತು, ಹುಯ್ಯುವ ಲೋಟ ಯಾರ ಕೈಗೆ ಬಂತು ಎಂಬುದು ನಮ್ಮ ಕಾಲದ ವೈದ್ಯದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಕಥೆ.

ಕಾಲರಾ ಹಿಡಿದವರ ಭೇದಿ ಅಕ್ಕಚ್ಚಿನ ಹಾಗಿರುತ್ತದೆ. ರೋಗ ಜೋರಾಗಿದ್ದರೆ ಬೆಳೆದ ಮನುಷ್ಯನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೆ ನೀರು ಹೋಗಬಹುದು. 1831ರ ಕೊನೆಯಲ್ಲಿ ಈ ರೋಗ ಇಂಗ್ಲೆಂಡಿನ ಸಂಡರ್‌ಲೆಂಡ್ ಬಂದರನ್ನು ಮುಟ್ಟಿದಾಗ ವಿಲಿಯಂ ಬ್ರೂಕ್ ಓಶಾನೆಸಿ ಎಂಬ ಐರ್ಲೆಂಡಿನ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ ನೋಡಿದ. ರಕ್ತದಲ್ಲಿ ನೀರು ಕಡಿಮೆಯಾಗಿದೆ, ಉಪ್ಪು ಕಡಿಮೆಯಾಗಿದೆ, ಕ್ಷಾರ ಕಡಿಮೆಯಾಗಿದೆ, ಹೋದದ್ದನ್ನೇ ಮರಳಿ ತುಂಬಬೇಕು ಎಂದು ಬರೆದ. ಮಾರನೆಯ ವರ್ಷವೇ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯ ಸಾವಿನ ಅಂಚಿನಲ್ಲಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟ. ಆಕೆ ಚೇತರಿಸಿಕೊಂಡು ಮಾತಾಡಿದಳು. ಆಮೇಲೆ ನೀರು ಬಿಡುವುದು ನಿಂತಿತು, ಭೇದಿ ನಿಲ್ಲಲಿಲ್ಲ, ಕೆಲವು ತಾಸುಗಳಲ್ಲಿ ತೀರಿಕೊಂಡಳು. ಓಶಾನೆಸಿ 1833ರಲ್ಲಿ ಕಲ್ಕತ್ತೆಗೆ ಬಂದ, ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ, ಮುಂದೆ ಈ ದೇಶಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ. ಕಾಲರಾದ ಕೆಲಸ ಅಲ್ಲಿಗೇ ನಿಂತಿತು. ಎಪ್ಪತ್ತು ವರ್ಷ ಕಳೆದ ಮೇಲೆ ಅದೇ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ರಕ್ತನಾಳದ ಉಪ್ಪುನೀರನ್ನು ಮತ್ತೆ ಹಿಡಿದು ಸಾವನ್ನು ಅರ್ಧದಷ್ಟಕ್ಕೆ ಇಳಿಸಿದ. 1950ರ ದಶಕ ಮುಗಿಯುವ ಹೊತ್ತಿಗೆ ಒಳ್ಳೆಯ ಆಸ್ಪತ್ರೆಗೆ ವೇಳೆಗೆ ಸರಿಯಾಗಿ ಬಂದ ಕಾಲರಾ ರೋಗಿ ಬದುಕುತ್ತಿದ್ದ.

ಆದರೆ ಒಳ್ಳೆಯ ಆಸ್ಪತ್ರೆಗೆ ಬರುತ್ತಿದ್ದವರು ಎಷ್ಟು ಜನ? ಕಾಲರಾ ಹರಡುವುದು ನೀರು ಕೆಟ್ಟ ಊರುಗಳಲ್ಲಿ, ರಸ್ತೆಯಿಲ್ಲದ ಹಳ್ಳಿಗಳಲ್ಲಿ, ಜಾತ್ರೆಗಳಲ್ಲಿ, ನಿರಾಶ್ರಿತರ ಬಿಡಾರಗಳಲ್ಲಿ. ಅಲ್ಲಿ ಸ್ವಚ್ಛವಾದ ಸಲೈನ್ ಬಾಟಲಿ, ಸೂಜಿ, ಬತ್ತಿದ ರಕ್ತನಾಳವನ್ನು ಹುಡುಕಬಲ್ಲ ಕೈ ಯಾವುದೂ ಇರುವುದಿಲ್ಲ. ಹಾಗಾದರೆ ಬಾಯಿಂದ ಕುಡಿಸಬಾರದೇಕೆ? ವೈದ್ಯಪುಸ್ತಕಗಳು ಅದನ್ನು ಬೇಡವೆನ್ನುತ್ತಿದ್ದವು. ಕಾಲರಾದಲ್ಲಿ ಕರುಳಿನ ಒಳಪದರ ಸುಲಿದು ಹೋಗಿರುತ್ತದೆ, ಕುಡಿದದ್ದೆಲ್ಲ ಹಾಗೇ ಹೊರಗೆ ಹೋಗುತ್ತದೆ, ಕರುಳಿಗೆ ವಿಶ್ರಾಂತಿ ಕೊಡಿ ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ನಂಬಿಕೆ. ಬಾಯಾರಿಕೆಯಿಂದ ಒದ್ದಾಡುವವರಿಗೆ ನೀರು ತಡೆಹಿಡಿದ ವೈದ್ಯರು ಕೆಟ್ಟವರಲ್ಲ. ಅವರು ನೋಡಿದ್ದು ಸತ್ತವರ ಕರುಳನ್ನು. ಪ್ರಾಣ ಹೋದ ಮೇಲೆ ಕರುಳಿನ ಒಳಪದರ ಬೇಗ ಕಳಚಿಕೊಳ್ಳುತ್ತದೆ. 1959ರಲ್ಲಿ ಬ್ಯಾಂಕಾಕ್‌ನಲ್ಲಿ ಯೂಜೀನ್ ಗಾಂಗರೋಸಾ ಮತ್ತು ಅವರ ಜೊತೆಗಾರರು ಬದುಕಿದ್ದ ರೋಗಿಗಳ ಕರುಳಿನಿಂದಲೇ ಪುಟ್ಟ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಒಳಪದರ ಇದ್ದಲ್ಲೇ ಇತ್ತು. ಕೋಶಗಳು ಸಾಲಾಗಿ ನಿಂತಿದ್ದವು.

ಅದೇ 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಇನ್ನೊಂದು ಗಂಟು ಬಿಡಿಸಿದರು. ಮೊಲದ ಸಣ್ಣ ಕರುಳಿನ ಒಂದು ತುಂಡಿಗೆ ಎರಡೂ ಕಡೆ ದಾರ ಕಟ್ಟಿ, ಒಳಕ್ಕೆ ಕಾಲರಾ ಕ್ರಿಮಿ ಬೆಳೆದಿದ್ದ ದ್ರವವನ್ನು ಸೋಸಿ ಬಿಟ್ಟರು. ಅದರಲ್ಲಿ ಕ್ರಿಮಿ ಒಂದೂ ಇರಲಿಲ್ಲ. ಆದರೂ ಕರುಳಿನ ಆ ತುಂಡು ನೀರು ತುಂಬಿ ಉಬ್ಬಿತು. ಅಂದರೆ ಕ್ರಿಮಿ ಕರುಳನ್ನು ಕಡಿಯುವುದಿಲ್ಲ, ಅದು ಬಿಡುವ ವಿಷವೊಂದು ಆರೋಗ್ಯವಾಗಿರುವ ಕೋಶಗಳಿಂದಲೇ ನೀರು ಸುರಿಸುತ್ತದೆ. ದೊಡ್ಡ ಪ್ರಯೋಗಾಲಯವಾಗಲಿ ಹಣವಾಗಲಿ ಇಲ್ಲದೆ ಅವರು ಮಾಡಿದ ಕೆಲಸವಿದು. ಬದುಕಿದ್ದಾಗ ಅವರಿಗೆ ನಮ್ಮ ದೇಶದಲ್ಲಿ ತಕ್ಕ ಗೌರವ ಸಿಗಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. ಅವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆಯದೆ ನಾನು ಈ ಪಾಠ ಮುಗಿಸಿದ್ದಿಲ್ಲ.

ಈಗ ಪೊರೆಯ ಹತ್ತಿರ ಹೋಗೋಣ. ಕೋಶದ ಪೊರೆ ಮುಖ್ಯವಾಗಿ ಕೊಬ್ಬಿನ ಎರಡು ಪದರ. ಉಪ್ಪಿನ ಸೋಡಿಯಂ ಆಗಲಿ ಸಕ್ಕರೆಯ ಗ್ಲೂಕೋಸ್ ಆಗಲಿ ಕೊಬ್ಬಿನಲ್ಲಿ ಕರಗಿ ದಾಟಲಾರವು. ಅವುಗಳಿಗೆ ಪ್ರೋಟೀನಿನಿಂದ ಆದ ಬಾಗಿಲುಗಳು ಬೇಕು, ಪ್ರತಿ ಬಾಗಿಲಿಗೂ ತನ್ನದೇ ನಿಯಮವಿದೆ. ಕರುಳಿನ ಕೋಶಕ್ಕೆ ಎರಡು ಮುಖ. ಒಂದು ನಾವು ತಿಂದದ್ದು ಹರಿಯುವ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ರಕ್ತದ ಕಡೆ ಒಂದು ಪಂಪು ಹಗಲಿರುಳು ದುಡಿಯುತ್ತದೆ. ಒಂದು ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಈ ಪಂಪನ್ನು ಕಂಡುಹಿಡಿದರು, ನಲವತ್ತು ವರ್ಷ ಕಳೆದ ಮೇಲೆ 1997ರಲ್ಲಿ ಅವರಿಗೆ ನೊಬೆಲ್ ಬಂತು. ಪಂಪು ಹೀಗೆ ಎತ್ತಿ ಹಾಕುತ್ತಲೇ ಇರುವುದರಿಂದ ಕೋಶದೊಳಗೆ ಸೋಡಿಯಂ ಸದಾ ಕೊರತೆ. ಹೊರಗಿನ ಸೋಡಿಯಂ ಒಳಕ್ಕೆ ಇಳಿಯಲು ಕಾಯುತ್ತಿರುತ್ತದೆ.

1960ರ ಆಗಸ್ಟ್‌ನಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಅಮೆರಿಕದ ಜೀವರಸಾಯನ ಶಾಸ್ತ್ರಜ್ಞ ರಾಬರ್ಟ್ ಕ್ರೇನ್ ಒಂದು ಚಿತ್ರ ಬರೆದು ತೋರಿಸಿದರು. ಗ್ಲೂಕೋಸ್ ಕರುಳಿನೊಳಗಿಂದ ಕೋಶಕ್ಕೆ ಹೋಗುವುದು ಸೋಡಿಯಂ ಜೊತೆಯಲ್ಲಿ, ಒಂದೇ ಬಾಗಿಲಿನಲ್ಲಿ. ಇಳಿಯಲು ಕಾಯುತ್ತಿರುವ ಸೋಡಿಯಂನ ರಭಸವೇ ಗ್ಲೂಕೋಸನ್ನೂ ಎಳೆದೊಯ್ಯುತ್ತದೆ ಎಂಬುದು ಅವರ ಮಾತು. ಸಾಗಣೆಗೆ ಇಬ್ಬರೂ ಬೇಕು. ಗಂಡು ಹೆಣ್ಣು ಕೂಡಿ ಬಂದಾಗಲಷ್ಟೇ ಮನೆ ತುಂಬಿಸಿಕೊಳ್ಳುವ ಹೊಸ್ತಿಲಿನಂತೆ ಈ ಬಾಗಿಲು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಜೋಡಿ ಒಳಗೆ ಬಂದಮೇಲೆ ಅವುಗಳ ಹಿಂದೆ ನೀರು ತಾನಾಗಿ ಬರುತ್ತದೆ. ಮುಂದೆ 1987ರಲ್ಲಿ ಲಾಸ್ ಏಂಜಲೀಸ್‌ನ ಅರ್ನೆಸ್ಟ್ ರೈಟ್ ಮತ್ತು ಸಂಗಡಿಗರು ಆ ಬಾಗಿಲಿನ ವಂಶವಾಹಿಯನ್ನೇ ಬೇರ್ಪಡಿಸಿದರು. ಎರಡು ಸೋಡಿಯಂಗೆ ಒಂದು ಗ್ಲೂಕೋಸ್ ಎಂಬುದು ಅದರ ಲೆಕ್ಕ.

ಕಾಲರಾ ವಿಷ ಕೋಶದೊಳಗೆ ಹೊಕ್ಕು ಕ್ಲೋರೈಡಿನ ಬಾಗಿಲನ್ನು ತೆರೆದೇ ಇರುವಂತೆ ಮಾಡುತ್ತದೆ. ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಸೋಡಿಯಂ ಹಿಂಬಾಲಿಸುತ್ತದೆ, ನೀರು ಎರಡನ್ನೂ ಹಿಂಬಾಲಿಸುತ್ತದೆ. ಉಪ್ಪನ್ನು ಸುಮ್ಮನೆ ಹೀರಿಕೊಳ್ಳುವ ದಾರಿಯನ್ನೂ ಅದು ಅಡ್ಡಗಟ್ಟುತ್ತದೆ. ಅದಕ್ಕೇ ಬರೀ ಉಪ್ಪುನೀರು ಕುಡಿಸಿದರೆ ಪ್ರಯೋಜನವಿಲ್ಲ, ಬರೀ ನೀರು ಕುಡಿಸಿದರೂ ಇಲ್ಲ. ಸೋಡಿಯಂ-ಗ್ಲೂಕೋಸ್ ಜೋಡಿಬಾಗಿಲನ್ನು ಮಾತ್ರ ವಿಷ ಮುಟ್ಟುವುದಿಲ್ಲ. ರೋಗ ಎಷ್ಟೇ ಜೋರಾಗಿರಲಿ, ಉಪ್ಪು ಮತ್ತು ಸಕ್ಕರೆ ಸರಿಯಾದ ಅಳತೆಯಲ್ಲಿ ಕೂಡಿ ಬಂದರೆ ಅದು ಅವುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಪ್ರಾಗ್‌ನಲ್ಲಿ ಚಿತ್ರ ಬರೆದ ಕ್ರೇನ್ ಕಾಲರಾ ವೈದ್ಯರಲ್ಲ. ಕಾಲರಾ ವಾರ್ಡುಗಳಲ್ಲಿ ಇದ್ದವರು ಪೊರೆಯ ಸಭೆಗಳಿಗೆ ಹೋಗುತ್ತಿರಲಿಲ್ಲ. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ 186 ಕಾಲರಾ ರೋಗಿಗಳಿಗೆ ವಾಂತಿ ನಿಲ್ಲಿಸುವ ಮಾತ್ರೆಯ ಜೊತೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದ ಕುಡಿಸಿ ಗುಣಪಡಿಸಿದ್ದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಒಂದು ಲೀಟರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂಬ ಅಳತೆ ಅದರಲ್ಲಿ ಇರಲಿಲ್ಲ, ಸಕ್ಕರೆ ಏಕೆ ಬೇಕೆಂಬ ಕಾರಣ ಆಗ ಯಾರಿಗೂ ತಿಳಿದಿರಲಿಲ್ಲ. ಓದಿದವರು ಪುಟ ತಿರುವಿದರು.

ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಗ್ಲೂಕೋಸ್ ಬೆರೆಸಿದ ಉಪ್ಪುನೀರು ಒಳಗೆ ಇಳಿಯುವುದನ್ನು ಕಂಡರು. ಅದೇ ಹುರುಪಿನಲ್ಲಿ ಹೆಚ್ಚು ಜನರಿಗೆ ಕೊಟ್ಟ ಪ್ರಯೋಗದಲ್ಲಿ ಲೆಕ್ಕ ತಪ್ಪಿ ಐವರು ಸತ್ತರು. ಆ ಸಾವುಗಳ ಭಾರ ಅವರನ್ನು ಬಿಡಲಿಲ್ಲ. ಮುಂದೆ ಢಾಕಾದ ಕಾಲರಾ ಸಂಶೋಧನಾಲಯದ ಮುಖ್ಯಸ್ಥರಾದಾಗ ಬಾಯಿಂದ ಕುಡಿಸುವ ಪ್ರಯೋಗವೆಂದರೆ ಹಿಂದೇಟು ಹಾಕುತ್ತಿದ್ದರು. ಅಲ್ಲಿ ನಾರ್ಬರ್ಟ್ ಹರ್ಷ್‌ಹಾರ್ನ್ ಮತ್ತು ಕಲ್ಕತ್ತೆಯಲ್ಲಿ ನಥೇನಿಯಲ್ ಪಿಯರ್ಸ್ ಅವರ ತಂಡಗಳು ಹನಿ ಹನಿ ಅಳೆದು, ಗ್ಲೂಕೋಸ್ ಸೇರಿದರೆ ಕರುಳು ನೀರನ್ನು ಹೀರುತ್ತದೆಂದು ತೋರಿಸಿದವು. 1968ರಲ್ಲಿ ಇನ್ನೂ ಮೂವತ್ತು ದಾಟದ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್, ಬಂಗಾಳಿ ವೈದ್ಯರಾದ ರಫೀಕುಲ್ ಇಸ್ಲಾಂ ಮತ್ತು ಮಜೀದ್ ಮೊಲ್ಲಾ ಅವರೊಂದಿಗೆ 29 ರೋಗಿಗಳ ಮೇಲೆ ಒಂದು ಸರಳ ನಿಯಮವನ್ನು ಪರೀಕ್ಷಿಸಿದರು: ಎಷ್ಟು ಹೊರಗೆ ಹೋಯಿತೋ ಅಷ್ಟು ಕುಡಿಸು. ಬಾಟಲಿ ಸಲೈನಿನ ಅಗತ್ಯ ನೂರಕ್ಕೆ 80ರಷ್ಟು ಇಳಿಯಿತು. ಮನಿಲಾದಲ್ಲಿ ತಪ್ಪಿದ ಲೆಕ್ಕ ಢಾಕಾದಲ್ಲಿ ಸರಿಹೋಯಿತು.

ಇಷ್ಟಾದರೂ ಇದು ಆಸ್ಪತ್ರೆಯ ಒಳಗಿನ ವಿದ್ಯೆ. ಅಳೆಯಲು ನರ್ಸು, ತೂಗಲು ತಕ್ಕಡಿ, ಪಕ್ಕದಲ್ಲಿ ವೈದ್ಯ ಇದ್ದೇ ಇರಬೇಕೆಂದು ಎಲ್ಲರೂ ತಿಳಿದಿದ್ದರು. ಅದನ್ನು ಆಸ್ಪತ್ರೆಯಿಂದ ಹೊರಗೆ ತಂದದ್ದು 1971ರ ಯುದ್ಧ.

ಆ ವರ್ಷ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಭಾರತಕ್ಕೆ ಓಡಿಬಂದರು. ಗಡಿಯ ಬನಗಾಂವ್ ಪಟ್ಟಣದ ಸುತ್ತ ಮೂರೂವರೆ ಲಕ್ಷ ಜನ ಮಳೆಯಲ್ಲಿ ಬೀಡುಬಿಟ್ಟಿದ್ದರು. ಕಾಲರಾ ಹೊಕ್ಕಿತು. ಕೆಲವು ಬಿಡಾರಗಳಲ್ಲಿ ರೋಗ ತಗುಲಿದ ನೂರರಲ್ಲಿ ಮೂವತ್ತು ಜನ ಸಾಯುತ್ತಿದ್ದರು. ಜೂನ್ ಕೊನೆಯಲ್ಲಿ ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಿಂದ ಮಕ್ಕಳ ವೈದ್ಯ ದಿಲೀಪ್ ಮಹಲನೋಬಿಸ್ ಅಲ್ಲಿಗೆ ಬಂದರು. ಆಗ ಅವರಿಗೆ 37ರ ಆಸುಪಾಸು. ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾಕ್ಕೆ ಇದ್ದದ್ದು ಎರಡು ಕೋಣೆ, ಹದಿನಾರು ಹಾಸಿಗೆ. ಉಳಿದವರು ನೆಲದ ಮೇಲೆ, ವರಾಂಡದಲ್ಲಿ, ಹೊರಗಿನ ಡೇರೆಗಳಲ್ಲಿ. ಸಲೈನ್ ಹಾಕಲು ವಾಂತಿ ಭೇದಿಯ ನಡುವೆಯೇ ಮಂಡಿಯೂರಬೇಕಿತ್ತು. ಅವರ ತಂಡದಲ್ಲಿ ಸಲೈನ್ ಹಾಕಲು ಬಲ್ಲವರು ಇಬ್ಬರೇ. ಎರಡು ದಿನದೊಳಗೆ ಅವರಿಗೆ ಈ ದಾರಿಯಲ್ಲಿ ಸೋಲು ಖಚಿತ ಎಂಬುದು ಕಾಣಿಸಿತು.

ಆಗ ಅವರು ಮಾಡಿದ ನಿರ್ಧಾರವನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬುತ್ತದೆ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಮೂರೂ ಪೇಟೆಯಲ್ಲಿ ಸಿಗುವಂಥವು. ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ ಪುಡಿ ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯಿಂದ ಬಾಯಿ ಅಂಟಿಸಿ ಬನಗಾಂವಿಗೆ ಸಾಗಿಸಿದರು. ಸಾಮಾನಿನ ಖರ್ಚು ಲೀಟರಿಗೆ 11 ಪೈಸೆ. ನಲ್ಲಿ ಹಚ್ಚಿದ ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿ ಇಟ್ಟರು. ಕುಡಿಸುವ ಕೆಲಸವನ್ನು ರೋಗಿಯ ತಾಯಿಗೆ, ಹೆಂಡತಿಗೆ, ಅಣ್ಣ ತಮ್ಮಂದಿರಿಗೆ ಬಿಟ್ಟರು. ಬಾಯಾರಿಕೆ ಇರುವವರೆಗೆ ಕುಡಿಸಿ ಎಂಬುದಷ್ಟೇ ಸೂಚನೆ. ತೀರಾ ಕುಸಿದವರಿಗೆ ಮಾತ್ರ ಮೊದಲು ಸಲೈನ್.

ವೈದ್ಯನ ಕಣ್ಣಳತೆಯಲ್ಲಿ ಇಲ್ಲದೆ ಇದನ್ನು ಕೊಟ್ಟು ಜನ ಸತ್ತಿದ್ದರೆ ಹೊಣೆಯೆಲ್ಲ ಅವರ ತಲೆಗೆ ಬರುತ್ತಿತ್ತು. ಸುಮಾರು ಎರಡು ತಿಂಗಳಲ್ಲಿ 3,700ರಷ್ಟು ರೋಗಿಗಳಿಗೆ ಹೀಗೆ ಆರೈಕೆ ನಡೆಯಿತು. ಸತ್ತವರು ನೂರಕ್ಕೆ 3.6. ಬೆರೆಸುವ ವಿಧಾನವನ್ನು ಕರಪತ್ರವಾಗಿ ಗಡಿಯುದ್ದಕ್ಕೂ ಹಂಚಿದರು, ಬಾಂಗ್ಲಾದ ಗುಪ್ತ ರೇಡಿಯೋ ಕೇಂದ್ರ ಅದನ್ನು ಬಿತ್ತರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಬಿಡಾರಕ್ಕೇ ಬಂದು ಕಣ್ಣಾರೆ ನೋಡಿದರು. ಸಂಸ್ಥೆಯೊಳಗೆ ಈ ನೀರಿನ ಪರವಾಗಿ ವಾದಿಸಿದವರು ಅವರೇ. ಮಹಲನೋಬಿಸ್ ಅವರ ವರದಿ ಅಚ್ಚಾದದ್ದು 1973ರಲ್ಲಿ. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಲೋಕಕ್ಕೆಲ್ಲ ಒಂದೇ ಅಳತೆಯ ಓಆರ್‌ಎಸ್ ಪುಡಿಯನ್ನು ಒಪ್ಪಿಕೊಂಡವು. 1978ರಲ್ಲಿ 'ಲ್ಯಾನ್ಸೆಟ್' ತನ್ನ ಸಂಪಾದಕೀಯದಲ್ಲಿ, ಸೋಡಿಯಂ ಮತ್ತು ಗ್ಲೂಕೋಸ್ ಒಟ್ಟಿಗೆ ಸಾಗುತ್ತವೆ ಎಂಬ ಶೋಧ ಈ ಶತಮಾನದ ವೈದ್ಯದಲ್ಲೇ ಅತಿ ಮುಖ್ಯ ಮುನ್ನಡೆಯಾಗಬಹುದು ಎಂದು ಬರೆಯಿತು. ಪ್ರಾಗ್‌ನ ಚಿತ್ರವೂ ಬನಗಾಂವಿನ ಡ್ರಮ್ಮೂ ಕೊನೆಗೆ ಒಂದೇ ಸಾಲಿನಲ್ಲಿ ಸೇರಿದವು.

ಹೊಸದಾಗಿ ಹುಟ್ಟಿದ ಬಾಂಗ್ಲಾದೇಶ ಇದನ್ನು ಇನ್ನೂ ಮುಂದಕ್ಕೆ ಒಯ್ದಿತು. ಬ್ರಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಕಾಲ ಮನೆಮನೆಗೆ ಹೆಣ್ಣುಮಕ್ಕಳನ್ನು ಕಳಿಸಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ತಾಯಂದಿರಿಗೆ ಕಲಿಸಿತು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳು. ಆಮೇಲೆ ಬೇರೆಯವರು ಹೋಗಿ ತಾಯಂದಿರನ್ನು ಕೇಳುತ್ತಿದ್ದರು. ಅವರು ಎಷ್ಟು ನೆನಪಿಟ್ಟಿದ್ದಾರೆ ಎಂಬುದರ ಮೇಲೆ ಕಲಿಸಿದವರ ಸಂಬಳ. ಪಾಠ ಮಾಡುವವಳಾಗಿ ನನಗೆ ಇದಕ್ಕಿಂತ ನ್ಯಾಯವಾದ ಸಂಬಳದ ಕ್ರಮ ಬೇರೆ ಗೊತ್ತಿಲ್ಲ.

ಸಿಂಧನೂರು ತಾಲೂಕಿಗೂ ಆ ಬಂಗಾಳಕ್ಕೂ ಒಂದು ನಂಟಿದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆಗೊಳಿಸಿದ ಊರುಗಳು ಅಲ್ಲಿವೆ, ಆರ್.ಎಚ್. ಕ್ಯಾಂಪ್ ಎಂದೇ ಎಲ್ಲರೂ ಕರೆಯುತ್ತಾರೆ. ಅಲ್ಲಿನ ಮುದುಕಿಯರು ವಾಂತಿಭೇದಿಯ ದೇವತೆ ಓಲಾ ಬೀಬಿಗೆ ಹರಕೆ ಹೊರುತ್ತಿದ್ದ ಕಾಲವನ್ನು ನನಗೆ ಹೇಳಿದ್ದಾರೆ, ನಮ್ಮವರು ಮಾರೆಮ್ಮನಿಗೆ ಹೊರುತ್ತಿದ್ದ ಹಾಗೆಯೇ. ಓಆರ್‌ಎಸ್ ಪೊಟ್ಟಣ ಕೈಗಿಟ್ಟರೆ ಆ ಮನೆಗಳಲ್ಲಿ ಹೆಚ್ಚು ವಾದ ನಡೆಯುತ್ತಿರಲಿಲ್ಲ. ಸುತ್ತಲಿನ ಬೇರೆ ಹಳ್ಳಿಗಳಲ್ಲಿ ಮಾತು ಬೇರೆ ಇತ್ತು. "ಮೇಡಂ, ಬಾಟ್ಲಿ ಹಚ್ರಿ. ಬರೇ ನೀರು ಕುಡ್ಸಿದ್ರ ಕೂಸು ಉಳಿತದೇನ್ರೀ?" ಎಂದು ಅಜ್ಜಿಯರು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಅಜ್ಞಾನವಿತ್ತು ಎಂದು ನಾನು ಒಪ್ಪುವುದಿಲ್ಲ. ನೂರು ವರ್ಷ ನಾವು ವೈದ್ಯರೇ ಭೇದಿಗೆ ನೀರು ಕೊಡಬೇಡಿ ಎಂದವರು, ಬಾಟಲಿಯೇ ಜೀವ ಎಂದು ತೋರಿಸಿದವರು. ನಾನು ಕೂಸನ್ನು ಅಜ್ಜಿಯ ತೊಡೆಯ ಮೇಲೆ ಮಲಗಿಸಿ, ಚಮಚೆ ಅವರ ಕೈಗೇ ಕೊಟ್ಟು, ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಚಮಚೆ ಚಮಚೆಯಾಗಿ ಕುಡಿಸಲು ಹೇಳಿ ಪಕ್ಕದಲ್ಲಿ ಕೂರುತ್ತಿದ್ದೆ. ಎರಡು ಮೂರು ತಾಸಿನಲ್ಲಿ ಕೂಸು ಮೂತ್ರ ಮಾಡಿತೆಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮರುವರ್ಷ ಅದೇ ಅಜ್ಜಿ ನೆರೆಮನೆಯವರಿಗೆ ಕಲಿಸುತ್ತಿದ್ದರು.

2002ರಲ್ಲಿ ಓಆರ್‌ಎಸ್ ಅಳತೆ ಬದಲಾಯಿತು. ಈಗ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಸೋಡಿಯಂ ಮತ್ತು ಗ್ಲೂಕೋಸ್ ಎರಡೂ ಸಮಸಮ, 75ಕ್ಕೆ 75 ಮಿಲಿಮೋಲ್. ದ್ರಾವಣ ಹಿಂದಿನದಕ್ಕಿಂತ ತೆಳುವಾದರೆ ಭೇದಿ, ವಾಂತಿ ಎರಡೂ ಕಡಿಮೆ ಎಂಬುದು ಮಕ್ಕಳ ಮೇಲಿನ ಅಧ್ಯಯನಗಳಿಂದ ಗೊತ್ತಾಗಿತ್ತು. ಸಕ್ಕರೆ ಹೆಚ್ಚಾದರೆ ಪೊರೆಯ ಇನ್ನೊಂದು ನಿಯಮ ತಲೆಯೆತ್ತುತ್ತದೆ. ನೀರು ತೆಳು ಇರುವ ಕಡೆಯಿಂದ ಸಾಂದ್ರವಾಗಿರುವ ಕಡೆಗೆ ಹರಿಯುತ್ತದೆ, ಮಗುವಿನ ಮೈಯ ನೀರೇ ಕರುಳಿಗೆ ಇಳಿಯುತ್ತದೆ. ಅದಕ್ಕೇ ಸಿಹಿ ಪಾನೀಯಗಳ ಡಬ್ಬಿಯ ಮೇಲೆ ಓಆರ್‌ಎಸ್ ಎಂದು ಅಚ್ಚುಹಾಕಿ ಮಾರುತ್ತಿದ್ದುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನು ಹಾಗೆ ಬಳಸಬಾರದೆಂದು ಆದೇಶಿಸಿತು.

ಮಹಲನೋಬಿಸ್ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಇತ್ತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕವರು ನೂರಕ್ಕೆ ಸುಮಾರು 60. ಈ ನೀರು ಕಂಡುಹಿಡಿದ ನೆಲದಲ್ಲೇ ಹತ್ತರಲ್ಲಿ ನಾಲ್ಕು ಮಕ್ಕಳಿಗೆ ಅದು ತಲುಪಿಲ್ಲ. ಪುಡಿಯ ಕೊರತೆ ಇದಕ್ಕೆ ಕಾರಣವಲ್ಲ. ಪೊಟ್ಟಣ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ, ಔಷಧಿ ಅಂಗಡಿಯಲ್ಲಿದೆ, ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದರೆ ವೈದ್ಯನಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಕೂತು ವಿವರಿಸಲು ಇಬ್ಬರಿಗೂ ಪುರುಸೊತ್ತಿಲ್ಲ.

ನನ್ನ ವಿದ್ಯಾರ್ಥಿಗಳು ಈಗ ರಾಜ್ಯದ ನಾನಾ ಕಡೆ ಹೊರರೋಗಿ ವಿಭಾಗಗಳಲ್ಲಿ ಕೂತಿದ್ದಾರೆ. ಪರೀಕ್ಷೆಗೆ ಜೋಡಿಬಾಗಿಲಿನ ಚಿತ್ರ ಬರೆದು ಅವರೆಲ್ಲ ಪಾಸಾದವರು. ಅವರನ್ನು ನಾನು ಕೇಳಿಕೊಳ್ಳುವುದು ಇಷ್ಟು. ಭೇದಿಯ ಮಗು ಬಂದಾಗ, ಕುಡಿಯುವ ಶಕ್ತಿ ಅದಕ್ಕಿದ್ದರೆ, ಒಂದು ಪೊಟ್ಟಣ ನಿಮ್ಮ ಮೇಜಿನ ಮೇಲೇ ಒಡೆಯಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರನ್ನು ಅಳೆದು ಬೆರೆಸಿ ತೋರಿಸಿ, ಒಂದು ದಿನದೊಳಗೆ ಮುಗಿಸಬೇಕು, ಎದೆಹಾಲು ಊಟ ನಿಲ್ಲಿಸಬಾರದು ಎಂದು ಹೇಳಿ, ಸತುವಿನ ಮಾತ್ರೆ ಬರೆದುಕೊಡಿ. ಆಮೇಲೆ ಲೋಟವನ್ನು ತಾಯಿಯ ಕೈಗೆ ಕೊಟ್ಟು ಅವರು ಕುಡಿಸುವುದನ್ನು ನೋಡಿ. ಓಶಾನೆಸಿಯಿಂದ ಮಹಲನೋಬಿಸ್‌ವರೆಗಿನ ನೂರನಲವತ್ತು ವರ್ಷದ ದುಡಿಮೆ ಪೂರ್ತಿಯಾಗಲು ನಿಮ್ಮ ಹತ್ತು ನಿಮಿಷ ಬಾಕಿಯಿದೆ. ಅದನ್ನು ಕೊಡಿ.